ಗುಮಾಸ್ತರ ಪ್ಯಾಂಟಿಗೆ ಅಂಟಿದ ಹಾವಸೆ

ತೊಂದರೆ ಶುರುವಾದದ್ದು ಚಪ್ಪಲಿಯಿಂದ. “ಕಾಡಿಗೆ ಹೋಗ್ತಿದ್ದೀರಿ, ಬೂಟು ಹಾಕ್ಕೊಳ್ಳಿ” ಎಂದು ಹೆಂಡತಿ ಹೇಳಿದ್ದಳು. ವಿಮಾ ಕಚೇರಿಯ ಗುಮಾಸ್ತರು ಕೇಳಲಿಲ್ಲ. ತಳ ಸವೆದು ಕನ್ನಡಿಯಂತಾಗಿದ್ದ ಚಪ್ಪಲಿ ಮೆಟ್ಟಿಕೊಂಡೇ ಸಹೋದ್ಯೋಗಿಗಳ ಜೊತೆ ಬೆಟ್ಟದ ಕಾಡಿಗೆ ಬಂದರು.

ಕಾಡು ತೋರಿಸಲು ಬಂದಿದ್ದ ಸಸ್ಯವಿಜ್ಞಾನದ ಮೇಡಂ ಎಲ್ಲರ ಕೈಗೂ ಭೂತಗನ್ನಡಿ ಕೊಟ್ಟರು. ಹಸಿರು ಬಳಿದಂತೆ ಕಾಣುತ್ತಿದ್ದ ಮರದ ಬೊಡ್ಡೆಯ ಮೇಲೆ ಇನ್ನೊಂದು ಕಾಡೇ ಇತ್ತು. ಹಕ್ಕಿಯ ಗರಿಯಂಥದು, ನಕ್ಷತ್ರದಂಥದು, ರಿಬ್ಬನ್ನಿನಂತೆ ತೊಗಟೆಗೆ ಅಂಟಿಕೊಂಡದ್ದು.

“ಎಲ್ಲಾನೂ ಪಾಚಿ ಅನ್ಬೇಡಿ. ಒಂದೊಂದೂ ಬೇರೆ ಜಾತಿ. ಅಗೋ, ಆ ಬಂಡೆ ಮೇಲಿನ ಹಾವಸೆ ಅಷ್ಟು ದಪ್ಪ ಆಗೋಕೆ ನನ್ನ ವಯಸ್ಸಿನಷ್ಟು ಕಾಲ ಹಿಡಿದಿದೆ. ಯಾರೂ ಮುಟ್ಬೇಡಿ.”

ಗುಮಾಸ್ತರು ಮುಟ್ಟಲಿಲ್ಲ. ಎಲ್ಲರೂ ಮುಂದೆ ಹೋದ ಮೇಲೆ ಜಾರಿ ಅದರ ಮೇಲೆಯೇ ಕೂತರು. ಎದ್ದು ನೋಡಿದರೆ ಬಂಡೆ ಬೋಳು. ಹಾವಸೆ ಎಲ್ಲಿ ಹೋಯಿತೆಂದು ಸುತ್ತ ಹುಡುಕಿದರು. ಕೊನೆಗೆ ಕೈ ಹಿಂದಕ್ಕೆ ಹೋಯಿತು. ಒದ್ದೆ ಮೆತ್ತೆಯೊಂದು ಪ್ಯಾಂಟಿಗೆ ಕಚ್ಚಿಕೊಂಡಿತ್ತು. ಕೀಳಲು ಹೋದರೆ ಪುಡಿಯಾಗುತ್ತಿತ್ತು.

ಅಲ್ಲಿಂದ ಮುಂದೆ ಅವರು ಯಾರಿಗೂ ಬೆನ್ನು ತೋರಿಸಲಿಲ್ಲ.

“ಏನ್ರೀ, ಏಡಿ ಥರ ನಡೀತಿದ್ದೀರಿ?” ಮ್ಯಾನೇಜರ್ ಕೇಳಿದರು.

“ಸೊಂಟ ಹಿಡ್ಕೊಂಡಿದೆ ಸಾರ್.”

“ತಿರುಗಿ, ನಾನು ನೀವಿ ಬಿಡ್ತೀನಿ” ಎಂದು ಕ್ಯಾಷಿಯರ್ ತೋಳು ಮಡಚಿದ. ಗುಮಾಸ್ತರು ಹಲ್ಲಿಯಂತೆ ಮರಕ್ಕೆ ಅಂಟಿಕೊಂಡರು.

ವಾಪಸು ಬರುವಾಗ ಮೇಡಂ ಬೋಳು ಬಂಡೆ ನೋಡಿದರು. ಬೈಯಲಿಲ್ಲ. “ಯಾರು ಕಿತ್ತಿದ್ದು?” ಎಂದು ಮೆಲ್ಲಗೆ ಕೇಳಿದರು, ಅಷ್ಟೆ.

ಎಲ್ಲರ ಕಣ್ಣೂ ಟೈಪಿಸ್ಟ್ ಕಡೆ ತಿರುಗಿತು. ಯಾರ ಮನೆಗೆ ಹೋದರೂ ಹೂಕುಂಡದಿಂದ ಒಂದು ಕಡ್ಡಿ ಮುರಿದುಕೊಂಡು ಬರುವ ಆಕೆಗೆ ಕಚೇರಿಯಲ್ಲಿ ಕಡ್ಡಿ ಅಕ್ಕ ಎಂದೇ ಹೆಸರು. ಕ್ಯಾಷಿಯರ್ ಆಗಲೇ ಅವರ ಚೀಲಕ್ಕೆ ಕೈ ಹಾಕಿದ್ದ.

“ನಾನು ತಗೊಂಡಿಲ್ಲ ಕಣಪ್ಪಾ” ಎಂದ ಕಡ್ಡಿ ಅಕ್ಕನ ಕಣ್ಣು ತುಂಬಿತು.

ಗುಮಾಸ್ತರ ಕಿವಿ ಕೆಂಪಾಯಿತು. ಎಲ್ಲರಿಗೂ ಬೆನ್ನು ತೋರಿಸಿ ನಿಂತರು.

ಮೇಡಂ ಗುಮಾಸ್ತರ ಹಿಂದೆ ಮಂಡಿಯೂರಿ ಭೂತಗನ್ನಡಿ ಹಿಡಿದರು. “ಅಲ್ಲಾಡ್ಬೇಡಿ” ಎಂದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಗುಮಾಸ್ತರಿಗೆ.

“ಇದರ ಅಂಚಲ್ಲಿ ಇನ್ನೊಂದು ಪುಟ್ಟ ಗಿಡ ಇದೆ” ಎಂದರು ಮೇಡಂ. “ಈ ಬೆಟ್ಟದಲ್ಲಿ ಇದನ್ನ ಎಷ್ಟೋ ವರ್ಷದಿಂದ ಹುಡುಕ್ತಿದ್ದೀನಿ.”

ಮ್ಯಾನೇಜರ್ ಗುಮಾಸ್ತರ ಬೆನ್ನು ತಟ್ಟಿದರು. ಕ್ಯಾಷಿಯರ್ ಕೈ ಕುಲುಕಿದ. ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು.

“ಪ್ಯಾಂಟು ಬಿಚ್ಚಿ ಕೊಡಿ” ಎಂದರು ಮೇಡಂ.

ಕಡ್ಡಿ ಅಕ್ಕ ತಮ್ಮ ಹೂವಿನ ಶಾಲು ಚಾಚಿದರು. ಆಕೆ ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಗುಮಾಸ್ತರು ಪೊದೆಯ ಹಿಂದೆ ಹೋಗಿ ಶಾಲು ಸುತ್ತಿಕೊಂಡು ಬಂದರು.

ಮೇಡಂ ಪ್ಯಾಂಟನ್ನು ಮಗುವಿನಂತೆ ಎತ್ತಿ ಹಿಡಿದು ನೋಡುತ್ತಿದ್ದವರು ಹುಬ್ಬುಗಂಟಿಕ್ಕಿದರು. “ಈ ಪುಟ್ಟ ಗಿಡ ಬಂಡೆ ಮೇಲೆ ಬೆಳೆಯೋದಲ್ಲ, ಕೊಳೆತ ದಿಮ್ಮಿ ಮೇಲೆ ಬೆಳೆಯೋದು. ನೀವು ಇನ್ನೆಲ್ಲಾದ್ರೂ ಬಿದ್ದಿದ್ರಾ?”

ಗುಮಾಸ್ತರು ನೆಲ ನೋಡಿದರು. “ಬಿದ್ದಿದ್ದೆ. ಯಾರೂ ನೋಡ್ಲಿಲ್ಲ ಅಂತ ಸುಮ್ಮನಿದ್ದೆ.”

“ಎಲ್ಲಿ?”

“ಆ ತಿರುವಲ್ಲಿ ಒಂದು ದಿಮ್ಮಿ ಮೇಲೆ. ಅದರಾಚೆ ಇನ್ನೊಂದರ ಮೇಲೆ. ಹಳ್ಳದ ಹತ್ರ ಮತ್ತೆ... ಸರಿಯಾಗಿ ನೆನಪಿಲ್ಲ ಮೇಡಂ.”

“ಪರವಾಗಿಲ್ಲ, ಒಂದೊಂದೇ ತೋರಿಸ್ತಾ ಬನ್ನಿ.”

ಹೂವಿನ ಶಾಲುಟ್ಟ ಗುಮಾಸ್ತರು ಮುಂದೆ, ಇಡೀ ಕಚೇರಿ ಹಿಂದೆ. ಮೊದಲ ದಿಮ್ಮಿಯ ಬಳಿ ಅವರು ಬೆರಳು ತೋರಿಸಿದರು.

“ಬೆರಳು ತೋರಿಸಿದ್ರೆ ಜಾಗ ಗೊತ್ತಾಗಲ್ಲ ಕಣ್ರೀ” ಎಂದರು ಮ್ಯಾನೇಜರ್. “ಹೇಗೆ ಬಿದ್ರಿ?”

ಗುಮಾಸ್ತರು ಎರಡೂ ಕೈಯಲ್ಲಿ ಶಾಲನ್ನು ಬಿಗಿಯಾಗಿ ಹಿಡಿದುಕೊಂಡು, ನಿಧಾನವಾಗಿ, ಎಲ್ಲರ ಎದುರಿಗೆ ಮತ್ತೆ ಬಿದ್ದರು.