ಶಂಭುಲಿಂಗನ ಮೆಣಸಿನ ಹೂವು

ಅವತ್ತು ಬೆಳಿಗ್ಗೆ ಕೊಟ್ರಪ್ಪ ಚಹಾಕ್ಕೆ ಬರದೇ ಇದ್ದಿದ್ದರೆ ಅಕ್ಕಸಾಲಿ ಶಂಭುಲಿಂಗ ಪತ್ತಾರನ ದಿನ ನೆಟ್ಟಗೆ ಸಾಗುತ್ತಿತ್ತು. ಆದರೆ ಬ್ಯಾಡಗಿಯ ಆ ಓಣಿಯಲ್ಲಿ ಕೊಟ್ರಪ್ಪ ಯಾರ ಮನೆಯ ಚಹಾವನ್ನೂ ತಪ್ಪಿಸಿದವನಲ್ಲ. ಬಂದ, ಕುಂತ, ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡ, ಎದುರಿಗಿದ್ದ ಮಖಮಲ್ಲಿನ ಡಬ್ಬಿಯಲ್ಲಿ ಇಣುಕಿದ.

"ಶಂಭಣ್ಣ, ಒಂದಕ್ಕ ಐದ ಪಕಳಿ ಅದಾವು, ಇನ್ನೊಂದಕ್ಕ ಆರ ಅದಾವಲ್ಲೋ!"

ಡಬ್ಬಿಯಲ್ಲಿದ್ದದ್ದು ಒಂದು ಜೊತೆ ಬೆಳ್ಳಿಯ ಬೆಂಡೋಲೆ. ಎರಡೂ ಮೆಣಸಿನಗಿಡದ ಹೂವುಗಳು. ತಲೆ ತಗ್ಗಿಸಿದ ಬಿಳಿ ಪಕಳೆಗಳು, ಹಿಂದೆ ಸಣ್ಣ ತೊಟ್ಟು, ನಡುವೆ ಬೆಳ್ಳಿಯನ್ನೇ ಕಪ್ಪಾಗಿಸಿ ಕೂರಿಸಿದ ಕೂದಲೆಳೆಯಂಥ ಕೇಸರ. ಎರಡು ತಿಂಗಳು ಶಂಭುಲಿಂಗ ಕುತ್ತಿಗೆ ಬಗ್ಗಿಸಿ ಕೂತು ಅವನ್ನು ಮಾಡಿದ್ದ. ಹಾವೇರಿಯ ಕುಸುರಿ ಬಳಗದವರು 'ನಮ್ಮ ನೆಲದ ಹೂವು' ಎಂಬ ಸ್ಪರ್ಧೆ ಇಟ್ಟಿದ್ದರು. ಗೆದ್ದವನಿಗೆ ಅವರ ಶಾಲೆಯಲ್ಲಿ ಬೆಳ್ಳಿ ಕೆಲಸ ಕಲಿಸುವ ಮೇಷ್ಟ್ರ ಹುದ್ದೆ. ಮಷಿನ್ನಿನ ಆಭರಣ ಪೆಟ್ಟಿಗೆಗಟ್ಟಲೆ ಬರತೊಡಗಿದ ಮೇಲೆ ಶಂಭುಲಿಂಗನ ಪಾಲಿಗೆ ಉಳಿದದ್ದು ಕಾಲುಂಗುರ ಮತ್ತು ಲಿಂಗದ ಕರಡಿಗೆ ಮಾತ್ರ. ಉಳಿದವರೆಲ್ಲ ಮಲ್ಲಿಗೆ, ಕಮಲ ಮಾಡಿಕೊಂಡು ಬರುತ್ತಾರೆಂದು ಅವನಿಗೆ ಗೊತ್ತಿತ್ತು. ಇಡೀ ಬ್ಯಾಡಗಿಗೆ ಹೆಸರು ತಂದ ಗಿಡದ ಹೂವನ್ನು ಒಬ್ಬನಾದರೂ ಕಣ್ಣೆತ್ತಿ ನೋಡಲಿ ಎಂದು ಅವನು ಹಟ ಹಿಡಿದಿದ್ದ.

"ಹಿತ್ತಲದಾಗ ಎರಡ ಹೂವು ಸಿಕ್ಕಿದ್ದು. ಒಂದಕ್ಕ ಐದ, ಒಂದಕ್ಕ ಆರ. ಇದ್ದಂಗ ಮಾಡೇನಿ," ಎಂದ.

"ಮೂವತ್ತ ವರ್ಷದಿಂದ ಮೆಣಸಿನಕಾಯಿ ದಲ್ಲಾಳಿ ಅದೇನಿ. ಆರ ಪಕಳಿ ಹೂವು ನಾ ನೋಡಿಲ್ಲ."

"ಐದ ಪಕಳೀದು ನೋಡೀಯೇನು?"

ಕೊಟ್ರಪ್ಪ ಒಂದು ಗಳಿಗೆ ಯೋಚಿಸಿದ. "ಹೂವನ ನೋಡಿಲ್ಲ ಬಿಡು. ಆದ್ರ ಐದ ಇರತಾವು."

ಗೋಡೆಯಾಚೆಯಿಂದ ಮುದುಕವ್ವ ಕೂಗಿದಳು: "ಆರ ಇರತಾವೋ! ನಮ್ಮ ತವರ ಮನಿ ಹೊಲದಾಗ ಎಲ್ಲಾ ಆರಽ ಇದ್ದವು!"

ಹತ್ತೇ ನಿಮಿಷದಲ್ಲಿ ಓಣಿ ಐದರ ಪಕ್ಷ, ಆರರ ಪಕ್ಷ ಎಂದು ಎರಡಾಯಿತು. ಹಿತ್ತಲಿಗೆ ಹೋಗಿ ನೋಡೋಣವೆಂದರೆ ಅಲ್ಲಿದ್ದ ಒಂದೇ ಗಿಡವನ್ನು ಯಾರದೋ ಆಡು ವಾರದ ಹಿಂದೆಯೇ ಬೇರು ಬಿಟ್ಟು ಉಳಿದದ್ದೆಲ್ಲ ತಿಂದಿತ್ತು. "ಒಂದ ಪಕಳಿ ಮುರದ್ರ ಜೋಡಿ ಆಕ್ಕಾವು," ಎನ್ನುತ್ತ ಕೊಟ್ರಪ್ಪ ಇಕ್ಕಳಕ್ಕೆ ಕೈ ಹಾಕಿದ. ಶಂಭುಲಿಂಗ ಹಸುಗೂಸನ್ನು ಎತ್ತಿಕೊಳ್ಳುವಂತೆ ಡಬ್ಬಿಯನ್ನು ಎದೆಗವಚಿಕೊಂಡ.

ಹೆಂಡತಿ ಭುವನಾ ಮೆಲ್ಲಗೆ ಹೇಳಿದಳು: "ರೀ, ಅಲ್ಲಿ ಪರೀಕ್ಷಕರೂ ಹಿಂಗ ಕೇಳಿದ್ರ? ಎರಡೂ ನಮೂನಿ ಹೂವು ಇರೂ ಒಂದ ಟೊಂಗಿ ತೋರಿಸಿಬಿಟ್ರ ಯಾರ ಬಾಯೀನೂ ಏಳೂದಿಲ್ಲ."

ಮಾತು ಶಂಭುಲಿಂಗನಿಗೆ ನಾಟಿತು. ಸ್ಪರ್ಧೆ ಅವತ್ತೇ; ಮಧ್ಯಾಹ್ನ ಮೂರು ಗಂಟೆಯೊಳಗೆ ಹಾವೇರಿಯಲ್ಲಿರಬೇಕು. ಭೂತಗನ್ನಡಿ, ಚಿಮಟ, ತಗಡು ಕತ್ತರಿಯ ಚೀಲ ಹೆಗಲಿಗೇರಿಸಿದ. "ಮೋಟೆಬೆನ್ನೂರ ಕಡೆ ಹೊಲದಾಗ ಹೂವು ಬಿಟ್ಟಾವು. ಗಾಡಿ ತಗಿ, ಕೊಟ್ರಪ್ಪ. ಜಗಳಾ ಹಚ್ಚಿದಾಂವ ನೀನ."

ಹೊಲವೇನೋ ಸಿಕ್ಕಿತು. ಶಂಭುಲಿಂಗ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹೂವಿನ ಪಕಳೆ ಎಣಿಸತೊಡಗಿದ. ಐದು. ಐದು. ಮತ್ತೆ ಐದು. ಕೊಟ್ರಪ್ಪನ ಮುಖ ಹಬ್ಬದ ದಿನದ ಬಾಗಿಲಿನಂತೆ ಅರಳುತ್ತಿರುವಾಗಲೇ ಹಿಂದಿನಿಂದ ದನಿ ಬಂತು.

"ಅಂತೂ ಬಂದ್ರಲ್ರೀ ಸಾಹೇಬ್ರ! ಅರ್ಜಿ ಕೊಟ್ಟು ತಿಂಗಳಾತು!"

ಹೊಲದ ಒಡೆಯ ಇಸಾಕಸಾಬ. ಕಣ್ಣಿಗೆ ಗಾಜು ಹಾಕಿ ಗಿಡ ನೋಡುವವನು ಕೃಷಿ ಇಲಾಖೆಯವನಲ್ಲದೆ ಮತ್ಯಾರು ಎಂದು ಅವನ ಎಣಿಕೆ.

ಶಂಭುಲಿಂಗ ಎದ್ದು ನಿಂತ. "ನಾ ಸಾಹೇಬ ಅಲ್ರಿ. ಪತ್ತಾರ."

"ಪತ್ತಾರ ಸಾಹೇಬ್ರ, ಎಲಿ ಎಲ್ಲಾ ಮುಟರಾಕತ್ತಾವು. ಸ್ವಲ್ಪ ನೋಡ್ರಿ."

ಅಷ್ಟರಲ್ಲಿ ಸುದ್ದಿ ಬದುವಿನಿಂದ ಬದುವಿಗೆ ಹಾರಿ, ಸುತ್ತಲಿನ ಹೊಲದವರೆಲ್ಲ ಮುದುಡಿದ ಟೊಂಗೆಗಳನ್ನು ಹಿಡಿದುಕೊಂಡು ದವಾಖಾನೆಯ ಮುಂದೆ ನಿಂತಂತೆ ಪಾಳಿಗೆ ನಿಂತರು. ತಪ್ಪು ತಿಳುವಳಿಕೆ ಬಿಡಿಸಬೇಕಾದ ಕೊಟ್ರಪ್ಪ, "ಸಾಹೇಬ್ರಿಗೆ ಹಾವೇರ್ಯಾಗ ಮೀಟಿಂಗ್ ಐತಿ, ಲಗೂ ತೋರಸ್ರಿ," ಎಂದುಬಿಟ್ಟ. ಶಂಭುಲಿಂಗ ಒಂದು ಎಲೆ ಮಗುಚಿ ನೋಡಿ, ಕಂಡದ್ದನ್ನು ಕಂಡಂತೆ, "ಇಲ್ಲಿ ಸಣ್ಣ ಹುಳಾ ಅದಾವು," ಎಂದ. ಅಷ್ಟೇ ಸಾಕಾಯಿತು. ಒಂದು ಹೊಲದಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಅವನನ್ನು ಎಳೆದೊಯ್ದರು. ಎಲ್ಲ ಕಡೆಯೂ ಅವನ ಕಣ್ಣು ರೋಗ ಬಿಟ್ಟು ಹೂವನ್ನೇ ಹುಡುಕುತ್ತಿತ್ತು. ಹೊತ್ತು ಒಂದು ಗಂಟೆ ದಾಟಿತು.

ಕೊನೆಗೆ ಇಸಾಕಸಾಬ ಕೇಳಿದ: "ಇದಕ್ಕ ಏನ ಹೊಡೀಬೇಕ್ರಿ?"

ಶಂಭುಲಿಂಗನಿಗೆ ತಡೆಯಲಾಗಲಿಲ್ಲ. "ಯಪ್ಪಾ, ಬೆಳ್ಳಿಗೆ ಹುಣಸೀಹಣ್ಣ ಹಚ್ಚೂದು ಬಿಟ್ರ ನನಗ ಯಾವ ಔಷಧಾನೂ ಗೊತ್ತಿಲ್ರಿ! ನೋಡ್ರಿ ನನ್ನ ಕೆಲಸಾ!" ಎಂದು ಡಬ್ಬಿ ತೆರೆದು ಎಲ್ಲರೆದುರು ಹಿಡಿದ.

ಬೈಗುಳಕ್ಕೆ ಸಿದ್ಧನಾಗಿ ಶಂಭುಲಿಂಗ ಕಣ್ಣು ಮುಚ್ಚಿಕೊಂಡ. ಇಸಾಕಸಾಬ ಬಗ್ಗಿ ಬಹಳ ಹೊತ್ತು ನೋಡಿದ.

"ಅರೇ, ಇದು ನಮ್ಮ ಹೂವು! ಇಬ್ಬನ್ಯಾಗ ಹಿಂಗಽ ತಲಿ ಬಗ್ಗಿಸಿರತಾವು."

ಎರಡು ತಿಂಗಳ ಕುತ್ತಿಗೆ ನೋವು ಆ ಒಂದು ಮಾತಿಗೆ ಇಳಿದುಹೋಯಿತು. ಇಸಾಕಸಾಬ ತಾನೇ ಸಾಲಿನೊಳಗೆ ಹೊಕ್ಕು ಹುಡುಕಿ, ಐದು ಪಕಳೆಯದೂ ಆರು ಪಕಳೆಯದೂ ಒಟ್ಟಿಗೇ ಬಿಟ್ಟಿದ್ದ ಒಂದು ಟೊಂಗೆ ಮುರಿದು ತಂದ. "ಯಾರರೆ ಕೇಳಿದ್ರ ಇಸಾಕಸಾಬನ ಹೊಲಕ್ಕ ಬರ್ರಿ ಅಂತ ಹೇಳ್ರಿ."

ಟೊಂಗೆಯನ್ನು ಬೆಂಡೋಲೆಗಳ ಪಕ್ಕಕ್ಕೇ ಇಟ್ಟು ಡಬ್ಬಿ ಮುಚ್ಚಿದರು. ದಾರಿಯಲ್ಲಿ ಕೊಟ್ರಪ್ಪ, "ಒಂದೀಟ ಚಹಾ..." ಎಂದ. ಶಂಭುಲಿಂಗ ಹಿಂದಿನಿಂದ ಅವನ ಅಂಗಿಯ ಕಾಲರು ಹಿಡಿದ. ಗಾಡಿ ಎಲ್ಲಿಯೂ ನಿಲ್ಲಲಿಲ್ಲ.

ಹಾವೇರಿಯ ಸಭಾಂಗಣ ಸೇರಿದಾಗ ಮೂರಕ್ಕೆ ಐದು ನಿಮಿಷವಿತ್ತು. ಮೂವರು ಪರೀಕ್ಷಕರಿದ್ದರು. ಮುಖ್ಯಸ್ಥೆ ಸರಸ್ವತೀಬಾಯಿ, ನಿವೃತ್ತ ಚಿತ್ರಕಲಾ ಶಿಕ್ಷಕಿ. ಡಬ್ಬಿ ತೆರೆದವರೇ ಒಂದು ಬೆಂಡೋಲೆ ಎತ್ತಿ ಹಿಂದೆ ಮುಂದೆ ಹೊರಳಿಸಿದರು. ಟೊಂಗೆಯ ಹೂವು ನೋಡಿದರು, ಮತ್ತೆ ಬೆಂಡೋಲೆ ನೋಡಿದರು. ಹುಬ್ಬು ಗಂಟಾಯಿತು.

"ಇದು ಕೈಲೆ ಮಾಡಿದ್ದಲ್ಲ. ಖರೇ ಹೂವಿಗೆ ಬೆಳ್ಳಿ ನೀರ ಕುಡಿಸ್ಯಾರ. ಉಳದ ಟೊಂಗಿ ಸೈತ ಡಬ್ಬ್ಯಾಗ ಐತಿ!"

"ಅದು ಪುರಾವೆಕ್ಕ ತಂದದ್ರೀ ಬಾಯಾರ..."

"ಹೌದು, ಪುರಾವೆನಽ. ಒಂದಕ್ಕ ಐದ ಪಕಳಿ, ಒಂದಕ್ಕ ಆರ. ಕೈಲೆ ಮಾಡೂ ಮನಿಶಾ ಎರಡೂ ಒಂದ ನಮೂನಿ ಮಾಡ್ತಿದ್ದ."

"ನಾ ಮುಂಜಾನೇನ ಹೇಳಿದ್ದೆ ನೋಡ್ರಿ!" ಎಂದು ಕೊಟ್ರಪ್ಪ ಉತ್ಸಾಹದಿಂದ ದನಿಗೂಡಿಸಿದ.

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಶಂಭುಲಿಂಗ ಸುತ್ತ ನೋಡಿದ. ಅವನಿಗೆ ಬಹುಮಾನ ಮರೆತೇಹೋಯಿತು. ಕೈ ಕೆಲಸವನ್ನು ಮೋಸ ಎಂದರಲ್ಲ ಎಂಬುದೊಂದೇ ತಲೆಯಲ್ಲಿ ನಿಂತಿತು. ಚೀಲದಿಂದ ತಗಡು ಕತ್ತರಿ ತೆಗೆದ.

"ಖರೇ ಹೂವಾದ್ರ ಒಳಗ ಹೂವು ಇರಬೇಕಲ್ರಿ?"

ಕಚ್ ಎಂದು ಐದು ಪಕಳೆಯ ಹೂವು ಎರಡಾಯಿತು. ಕತ್ತರಿಸಿದ ಅಂಚು ಬೆಳ್ಳಗೆ ಹೊಳೆಯಿತು. ಒಳಗೂ ಬೆಳ್ಳಿ, ಹೊರಗೂ ಬೆಳ್ಳಿ. ಇನ್ನೊಬ್ಬ ಪರೀಕ್ಷಕ ಮೂಗಿನ ಮೇಲೆ ಕನ್ನಡಕ ಏರಿಸಿ, "ಇದೇನೋ ಸರಿ. ಆರ ಪಕಳೀದು?" ಎಂದ.

ಶಂಭುಲಿಂಗ ಎರಡನೆಯದನ್ನು ಎತ್ತಿಕೊಂಡ. ಅದರ ಕೇಸರ ಕೂರಿಸಲು ಹನ್ನೊಂದು ದಿನ ಹಿಡಿದಿತ್ತು. ತುಟಿ ಕಚ್ಚಿ, ಕಚ್ ಎನ್ನಿಸಿದ.

ಸರಸ್ವತೀಬಾಯಿ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಎದ್ದುನಿಂತರು. "ತಪ್ಪಾತ್ರೀ ಪತ್ತಾರ. ಇಂಥಾ ಕೈ ನಾ ಎಲ್ಲೂ ಕಂಡಿಲ್ಲ." ಇಡೀ ಸಭೆ ಚಪ್ಪಾಳೆ ತಟ್ಟಿತು. ಶಂಭುಲಿಂಗನ ಕಣ್ಣು ತುಂಬಿತು.

"ಹಂಗಾರ ಬಹುಮಾನಾ...?" ಎಂದ.

ಸರಸ್ವತೀಬಾಯಿ ತುಂಡುಗಳನ್ನು ನೋಡಿ ತಲೆ ತಗ್ಗಿಸಿದರು. "ಆಭರಣಾ ಇಡೀ ಇರಬೇಕ್ರಿ. ನಿಯಮ."

ಬಹುಮಾನವೂ ಹುದ್ದೆಯೂ ರಾಣೆಬೆನ್ನೂರಿನ ನಂದಿತಾಗೆ ಹೋದವು. ಅರಳಿದ ಹತ್ತಿಹೂವಿನ ರೂಪದ ಬೆಳ್ಳಿ ಹೆರಳುಪಿನ್ನು ಮಾಡಿದ್ದಳು. ಶಂಭುಲಿಂಗ ಭೂತಗನ್ನಡಿ ಹಾಕಿಕೊಂಡು ನೋಡಿದ. ಕೆಲಸ ಚೊಕ್ಕವಾಗಿತ್ತು. ಚಪ್ಪಾಳೆ ತಟ್ಟಿದ. ಮುಂದಿನ ವರ್ಷಕ್ಕೆ ಹುಣಸೆ ಹೂವು ಮಾಡಬೇಕು, ಆ ಸಲ ಕತ್ತರಿ ಮನೆಯಲ್ಲೇ ಬಿಟ್ಟುಬರಬೇಕು ಎಂದು ಆಗಲೇ ನಿಶ್ಚಯಿಸಿದ.

ಅಷ್ಟರಲ್ಲಿ ಅವನನ್ನು ವೇದಿಕೆಗೆ ಕರೆದರು. ಸರಸ್ವತೀಬಾಯಿ ಶಾಲು ಹೊದಿಸಿ ಮೈಕಿನಲ್ಲಿ ಹೇಳಿದರು: "ಖರೇದು ಯಾವ್ದು, ಕೈ ಕೆಲಸಾ ಯಾವ್ದು ಅಂತ ನಮಗ ಮೂರು ಮಂದಿಗೂ ತಿಳೀಲಿಲ್ಲ. ಇನ್ನ ಮ್ಯಾಲ ನಮ್ಮ ಸ್ಪರ್ಧಾಕ್ಕ ಶಂಭುಲಿಂಗ ಪತ್ತಾರರಽ ಪರೀಕ್ಷಕರು!"

ಮತ್ತೆ ಚಪ್ಪಾಳೆ. ಕೊಟ್ರಪ್ಪ ಫೋಟೋ ತೆಗೆದು ಆ ಕ್ಷಣವೇ ಓಣಿಯ ವಾಟ್ಸಾಪ್ ಗುಂಪಿಗೆ ಕಳಿಸಿದ. ಶಂಭುಲಿಂಗ ಉಬ್ಬಿಹೋದ. "ಭಾಳ ಸಂತೋಷ ಆತ್ರಿ ಬಾಯಾರ. ಮುಂದಿನ ವರ್ಷ ಹುಣಸೀ ಹೂವು ಮಾಡಿಕೊಂಡ ಬರ್ತೇನಿ."

"ತರ್ರಿ, ನೋಡೂಣು. ಆದ್ರ ಪರೀಕ್ಷಕರು ಸ್ಪರ್ಧಾಕ್ಕ ಇಡೂಹಂಗಿಲ್ರಿ. ಅದೂ ನಿಯಮ."

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನು ರಿಂಗಣಿಸಿತು. ಭುವನಾ. "ರೀ, ಫೋಟೋ ನೋಡಿದ್ನಿ! ಬಹುಮಾನಾ ಬಂತೇನ್ರಿ?"

"ಬಹುಮಾನಾ ಬರಲಿಲ್ಲ. ಬಹುಮಾನಾ ಕೊಡೂ ಕೆಲಸಾ ಬಂತು."

"ಎಷ್ಟ ವರ್ಷಕ್ಕ ಅಂತ?"

ಶಂಭುಲಿಂಗ ಫೋನು ಕಿವಿಯಿಂದ ತೆಗೆದು ಸರಸ್ವತೀಬಾಯಿಯವರನ್ನು ಅದನ್ನೇ ಕೇಳಿದ. ಅವರು ಬಲು ಪ್ರೀತಿಯಿಂದ ಅವನ ಭೂತಗನ್ನಡಿಯನ್ನು ತೋರಿಸಿದರು.

"ಕಣ್ಣ ಗಟ್ಟಿ ಇರೂತನಕಾ ರೀ!"