ಕಳವಿನ ಮಾಲಿಲ್ಲದ ಅಂಗಡಿ

ನಮ್ಮ ಮಾಮಾನಷ್ಟು ಪ್ರಾಮಾಣಿಕ ಮನುಷ್ಯ ಇಳಕಲ್ಲಿನಲ್ಲಿ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೆ ಊರು ಎಂದೋ ಖಾಲಿಯಾಗಿರುತ್ತಿತ್ತು! ಒಬ್ಬನನ್ನು ತಾಳಿಕೊಳ್ಳುವುದರಲ್ಲೇ ನಮಗೆಲ್ಲ ಸಾಕುಸಾಕಾಗಿತ್ತು.

ಮಾಮಾ ಎಂದರೆ ನಮ್ಮವ್ವನ ಖಾಸಾ ತಮ್ಮ. ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗಕ್ಕೆ ಇಳಿದವನಲ್ಲ. ಮನೆಯ ಪಡಸಾಲೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾರ್ಡು, ಅಂಗಡಿ ಬೋರ್ಡು, ಸೀರೆ ಡಬ್ಬಿಯ ಮೇಲಿನ ಚಿತ್ರ ಇತ್ಯಾದಿ ಮಾಡಿಕೊಡುತ್ತಿದ್ದ. ನಾನು ಬಾಗಲಕೋಟೆಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿದ್ದೆ. ಅವನು ಮಾಡಿದ್ದೆಲ್ಲ ಅಚ್ಚಾಗಲು ನನ್ನ ಕೈಗೇ ಬರುತ್ತಿತ್ತು. ಹೀಗಾಗಿ ಅವನ ಪ್ರಾಮಾಣಿಕತೆಯ ಮೊದಲ ಪೆಟ್ಟು ಬೀಳುತ್ತಿದ್ದುದು ನನ್ನ ತಲೆಯ ಮೇಲೆ.

ಎರಡು ಸಾವಿರದ ಐದೋ ಆರೋ ಇರಬೇಕು. ಆಗ ನಮ್ಮ ಕಡೆಯ ಡಿಟಿಪಿಯವರೆಲ್ಲ ಬಳಸುತ್ತಿದ್ದುದು ಒಬ್ಬರಿಂದ ಒಬ್ಬರು ಕಾಪಿ ಹೊಡೆದುಕೊಂಡ ಸಾಫ್ಟ್‌ವೇರು. ರೊಕ್ಕ ಕೊಟ್ಟು ಕೊಂಡವನು ಯಾರಾದರೂ ಇದ್ದಿದ್ದರೆ ಅವನನ್ನು ನೋಡಲು ಜನ ಸಾಲುಗಟ್ಟುತ್ತಿದ್ದರು! ಮಾಮಾನೂ ಈ ಸಾಲಿನವನೇ. ಒಮ್ಮೆ ಬಾಗಲಕೋಟೆಗೆ ಬಂದವನಿಗೆ ಕಾಲೇಜಿನವರು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರಿನ ಸೀಡಿಯೊಂದನ್ನು ಪುಕ್ಕಟೆ ಕೊಟ್ಟರು. ಚಿತ್ರ ಬಿಡಿಸಲು ಗಿಂಪ್, ಇಂಕ್‌ಸ್ಕೇಪ್ ಎಲ್ಲ ಅದರಲ್ಲೇ. ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ಬಿಚ್ಚಿ ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ತಿದ್ದಬಹುದು ಎಂಬ ಒಂದು ಮಾತು ಕೇಳಿದ್ದೇ ತಡ, ಮಾಮಾನ ಮೈಮೇಲೆ ದೇವರು ಬಂದಂತಾಯಿತು. ಮರುದಿನವೇ ಹಳೆಯದನ್ನೆಲ್ಲ ಕಿತ್ತೆಸೆದು, ಬಾಗಿಲ ಮೇಲೆ 'ಇಲ್ಲಿ ಕಳವಿನ ಮಾಲು ಬಳಸುವುದಿಲ್ಲ' ಎಂದು ದಪ್ಪಕ್ಷರದ ಬೋರ್ಡು ಹೊಡೆದ.

ಎದುರಿನ ಡಿಟಿಪಿಯವನು ನಗುತ್ತ ಬಂದ. "ಅಂದ್ರ ಇಷ್ಟ ದಿನಾ ಬಳಸ್ತಿದ್ರೇನ್ರಿ?"

"ಹೌದು, ಬಳಸ್ತಿದ್ದೆ. ನೀವೂ ಬಳಸ್ತೀರಿ. ನಾ ಬೋರ್ಡ್ ಹಾಕೇನಿ, ನೀವು ಹಾಕಿಲ್ಲ, ಅಷ್ಟ ಫರಕು!"

ಅಂದಿನಿಂದ ಆ ಓಣಿಯಲ್ಲಿ ಮಾಮಾನಿಗೆ ಚಹಾಕ್ಕೆ ಕರೆಯುವವರು ಕಡಿಮೆಯಾದರು.

ಆದರೆ ಪರದೆಯ ಮೇಲಿನ ಬಣ್ಣವೇ ಬೇರೆ, ಪ್ರೆಸ್ಸಿನ ನಾಲ್ಕು ಶಾಯಿಯ ಲೆಕ್ಕವೇ ಬೇರೆ. ಆ ಲೆಕ್ಕ ಮಾಮಾನ ಹೊಸ ಗಿಂಪಿಗೆ ಇನ್ನೂ ಹೊಂದಿರಲಿಲ್ಲ. ಬೇವೂರಿನವರೊಬ್ಬರ ಮದುವೆ ಕಾರ್ಡಿನಲ್ಲಿ ಕೆಂಪಗೆ ಹೊಳೆಯಬೇಕಾದ ಗಣಪತಿ ಮಬ್ಬು ಇಟ್ಟಂಗಿ ಬಣ್ಣಕ್ಕೆ ತಿರುಗಿ ಅಚ್ಚಾದ. ಹೆಣ್ಣಿನ ತಂದೆ ಕಾರ್ಡು ಹಿಡಿದುಕೊಂಡು ಬಂದರು.

"ಗಣಪ್ಪನ ಮಾರಿ ಯಾಕ ಹಿಂಗ ಬಾಡೇತ್ರಿ? ಉಪಾಸ ಕೆಡವಿದ್ರೇನು?"

"ಲಗ್ನದ ಓಡಾಟದಾಗ ಯಾರ ಮಾರಿ ಬಾಡೂದಿಲ್ಲ ಹೇಳ್ರಿ? ನಿಮ್ಮ ಮಾರಿ ಕನ್ನಡ್ಯಾಗ ನೋಡಿಕೊಂಡೀರೇನು?" ಎಂದ ಮಾಮಾ!

ಆ ಗಣಪತಿಗೆ ಮತ್ತೆ ಕೆಂಪು ತುಂಬಿದವನು ನಾನು. ನಮ್ಮ ಮಾಲಕರು ಅಂದೇ ಹೇಳಿದರು, "ನಿಮ್ಮ ಮಾಮಾನ ಫೈಲ್ ಬಂತಂದ್ರ ನನ್ನ ಬಿಪಿ ಏರತೈತಿ. ಅವರಿಗೆ ಸ್ವಲ್ಪ ಹೇಳಪಾ." ಹೇಳುವುದು ಯಾರಿಗೆ? ಗೋಡೆಗೆ ಹೇಳಿದ್ದರೆ ಅದಾದರೂ ಸುಮ್ಮನೆ ಕೇಳಿಕೊಳ್ಳುತ್ತಿತ್ತು.

ಮಾಮಾನ ಹಟಕ್ಕೆ ಇನ್ನೊಂದು ಕಾರಣವಿತ್ತು. ಅದು ನಮಗೆಲ್ಲ ಗೊತ್ತಿತ್ತು, ಮತ್ತು ಅದು ಅವನ ಎಲ್ಲ ಹುಚ್ಚುಗಳಿಗಿಂತ ದೊಡ್ಡ ಹುಚ್ಚು ಎಂದೇ ನಾವು ತಿಳಿದಿದ್ದೆವು. ಮನೆಯಲ್ಲಿ ಮಗ್ಗಕ್ಕಿಳಿಯುತ್ತಿದ್ದವಳು ಮಾಮಾನ ಹೆಂಡತಿ, ನಮ್ಮ ಅತ್ತೆ. ನೆಲದ ಗುಂಡಿಗೆ ಕಾಲು ಇಳಿಬಿಡುವ ಕುಣಿಮಗ್ಗದಲ್ಲಿ ಕೂತು, ಲಾಳಿಯ ಸದ್ದಿಗಿಂತ ಜೋರಾಗಿ ಮಾಮಾನನ್ನು ಬೈಯುತ್ತ ಸೀರೆ ನೇಯುವುದು ಅವಳ ಪದ್ಧತಿ. ಸಕ್ಕರೆ ಕಾಯಿಲೆ ಅವಳ ಕಣ್ಣಿಗಿಳಿಯಿತು. ಎಳೆ ಕಾಣದಾಯಿತು. ದವಾಖಾನೆಯವರು ಮಗ್ಗ ಬಿಡಿ ಎಂದರು. ಅತ್ತೆ ಮಗ್ಗ ಬಿಟ್ಟಳು, ಅದರ ಜೊತೆಗೆ ಮಾತನ್ನೂ ಬಿಟ್ಟಳು. ಬಡಿಸುವಳು, ಮೂಲೆಯಲ್ಲಿ ಕೂರುವಳು. ಅಂಥ ಬಾಯಿಯ ಹೆಂಗಸು ಹಾಗೆ ಸುಮ್ಮನಾದದ್ದು ನೋಡಲಾಗುತ್ತಿರಲಿಲ್ಲ.

ಒಂದೊಂದು ಎಳೆಯನ್ನೂ ಹುಣಸೆ ಬೀಜದಷ್ಟು ದೊಡ್ಡದು ಮಾಡಿ ತೋರಿಸುವ ಪರದೆ ಪಡಸಾಲೆಯಲ್ಲೇ ಇರುವಾಗ ಇವಳು ಯಾಕೆ ಕೈಕಟ್ಟಿ ಕೂರಬೇಕು? ಸೀರೆಯಂಚಿನ ದಂಡೆಯ ಚಿತ್ತಾರ ಇವಳು ಬಿಡಿಸಲಿ, ನೇಯುವವರು ನೇಯಲಿ! ಇದು ಮಾಮಾನ ವಾದ. ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದಳು: "ನನಗ ಇಂಗ್ಲೀಷ್ ಬರೂದಿಲ್ಲ."

"ಹಂಗಾರ ಅದಕ್ಕ ಕನ್ನಡಾ ಕಲಸ್ತೇನಿ," ಎಂದು ಮಾಮಾ ಕೂತ. ಸಾಫ್ಟ್‌ವೇರಿನ ಒಳಹೊಕ್ಕು ಅದರ ಒಂದೊಂದೇ ಇಂಗ್ಲಿಷ್ ಮಾತನ್ನು ಕಿತ್ತು ಇಳಕಲ್ಲಿನ ಮಾತು ಕೂಡಿಸಿದ. ಸೇವ್ ಹೋಗಿ 'ಜ್ವಾಕಿ ಇಡು' ಆಯಿತು. ಝೂಮ್ 'ಸನೇಕ ಬಾ' ಆಯಿತು. ಮುಚ್ಚುವುದು 'ಸಾಕ ಮಾಡು'! ಇಷ್ಟಕ್ಕೆ ಬಿಟ್ಟನೇ? ಲೋಕಕ್ಕೆಲ್ಲ ಉಪಕಾರವಾಗಲಿ ಎಂದು ಸೈಬರ್ ಕೆಫೆಗೆ ಹೋಗಿ, ಸಾಫ್ಟ್‌ವೇರಿಗೆ ಕನ್ನಡ ಕೂಡಿಸುವ ಪಂಡಿತರಿಗೆ ಈ ಮಾತುಗಳನ್ನು ಕಳಿಸಿದ. ಆ ಕಡೆಯಿಂದ, 'ಮಾನ್ಯರೆ, ತಾವು ಸೂಚಿಸಿರುವ ಪದಗಳು ಶಿಷ್ಟವಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ' ಎಂದು ಉತ್ತರ ಬಂತು.

ಮಾಮಾ ಕೂಡಲೇ ಮರುತ್ತರ ಬರೆದ: 'ಮಾನ್ಯರೇ, ನಮ್ಮ ಮನಿಯಾಕಿ ಕಂಪ್ಯೂಟರಿಗೆ ಅಂಜೂದಿಲ್ರಿ, ನಿಮ್ಮ ಕನ್ನಡಕ್ಕ ಅಂಜತಾಳ.'

ಇಷ್ಟೆಲ್ಲ ಆದರೂ ಅತ್ತೆ ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ.

ಆಗಲೇ ಊರಿನ ದೊಡ್ಡ ಸೀರೆ ವ್ಯಾಪಾರಿಯೊಬ್ಬರು ತಮ್ಮ ಡಬ್ಬಿ, ಕ್ಯಾಟಲಾಗು ಎಲ್ಲದರ ಕೆಲಸ ಮಾಮಾನಿಗೆ ಕೊಡಲು ಮುಂದೆ ಬಂದರು. ಷರತ್ತು ಒಂದೇ: ಎಲ್ಲರೂ ಬಳಸುವ ಸಾಫ್ಟ್‌ವೇರಿನಲ್ಲೇ ಮಾಡಿಕೊಡಬೇಕು. ಅಂಗಡಿ ಆಗಲೇ ನೊಣ ಹೊಡೆಯುತ್ತಿತ್ತು. ಮಾಮಾ ಒಲ್ಲೆ ಎನ್ನುತ್ತಿದ್ದಾನೆಂದು ಕೇಳಿ ನಾನು ರಜೆ ಹಾಕಿ, ಹುನಗುಂದ ದಾಟುವವರೆಗೂ ಬೈಗುಳ ಹೊಂದಿಸಿಕೊಳ್ಳುತ್ತ ಇಳಕಲ್ಲಿಗೆ ಹೋದೆ. ವ್ಯಾಪಾರಿ ಪಡಸಾಲೆಯಲ್ಲಿ ಕೂತಿದ್ದರು.

"ಮಂದಿ ಏನ್ ಬಳಸ್ತಾರೋ ಅದನ್ನ ಬಳಸ್ರಿ, ನಿಮಗೇನ್ ತ್ರಾಸು?" ಅವರು ಸಮಾಧಾನದಿಂದಲೇ ಕೇಳಿದರು.

"ಈ ಕಂಪ್ಯೂಟರಿನ್ಯಾಗ ಎರಡಕ್ಕೂ ಜಾಗಾ ಇಲ್ರಿ. ಅದು ಬಂದ್ರ ಇದು ಹೋಗಬೇಕು. ಇದು ನಮ್ಮಾಕಿ ಸಲುವಾಗಿ ಮಾಡಿದ್ದು. ತಗಿಯೂದಿಲ್ಲ."

"ಅವರು ಮುಟ್ಟೇ ಇಲ್ಲಂತಲ್ರಿ!"

"ಇವತ್ತ ಮುಟ್ಟಿಲ್ಲ. ನಾಳೆ ಮುಟ್ಟತಾಳ. ನೀವು ಹೋಗಿ ಬರ್ರಿ."

ವ್ಯಾಪಾರಿ ಎದ್ದು ಹೋದರು. ನನಗೆ ಸಿಟ್ಟು ನೆತ್ತಿಗೇರಿತು. "ಮಾಮಾ, ಅಂಗಡಿ ಮುಚ್ಚಿ ಏನ್ ಮಾಡ್ತಿ?" ಎಂದು ಕೂಗಿದೆ. ಅಷ್ಟರಲ್ಲಿ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಹೊರಗೆ ಬಂದಳು. ನಮ್ಮಿಬ್ಬರನ್ನೂ ನೋಡದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಪ್ಯೂಟರಿನ ಮುಂದೆ ಕೂತಳು.

ಮೌಸು ಕೈಯಲ್ಲಿ ನಿಲ್ಲಲಿಲ್ಲ, ಮೊದಮೊದಲು ಮೇಜಿನಿಂದಲೇ ಜಾರಿ ಬಿತ್ತು. ಮುಖವನ್ನು ಪರದೆಗೆ ಹತ್ತಿರ ಹಿಡಿದು ಒಂದೊಂದೇ ಚೌಕ ತುಂಬತೊಡಗಿದಳು. ಒಂದು ಗೆರೆ ಬಂತು, ಅದರ ಕೆಳಗೊಂದು ಬಂತು, ನಾವು ನೋಡುತ್ತಿದ್ದಂತೆ ಸೀರೆಯ ದಂಡೆ ಮೂಡಿತು. ಮಾಮಾ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಒಮ್ಮೆಲೇ ಅತ್ತೆಯ ಕೈ ನಿಂತಿತು. ತಪ್ಪಿದ್ದನ್ನು ಅಳಿಸಲು ಹೋದವಳು ಅಲ್ಲಿದ್ದ ಮಾತನ್ನು ಅಕ್ಷರ ಕೂಡಿಸಿ ಓದಿದಳು.

"'ಸುಟ್ಟಬಿಡು'? ಯಾಂವ ಬರದಾನ ಇದನ್ನ? ಒಂದ ಎಳಿ ತಪ್ಪಿದ್ರ ಸುಡಬೇಕೇನು? ಇಷ್ಟ ವರ್ಷ ಸಂಸಾರ ಮಾಡೀರಿ, ಇನ್ನೂ ಬಾಯಾಗ ಒಂದ ಚಲೋ ಮಾತ ಬರವಲ್ದು! ಮೊದಲ ಇದನ್ನ ಬದಲಿ ಮಾಡ್ರಿ, ಆಮ್ಯಾಲ ಊರಿಗೆ ಶಾಣ್ಯಾತನ ಹೇಳಾಕ ಹೋಗ್ರಿ!"

ಪ್ರೆಸ್ಸಿನವರಿಗೆ, ಪಂಡಿತರಿಗೆ, ವ್ಯಾಪಾರಿಗೆ ಯಾರಿಗೂ ಬಗ್ಗದ ಮಾಮಾ ಅವಳ ಕುರ್ಚಿಯ ಪಕ್ಕ ನೆಲಕ್ಕೆ ಕೂತುಬಿಟ್ಟ. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಮಾಡ್ತೇನಿ," ಎಂದ. "ಈಗ ಮಾಡ್ತೇನಿ. ನೀ ಇನ್ನೊಂದೀಟು ಬೈ."