ಏನೂ ಬಾರದ ಸಣ್ಣಾಯಿ

ನಮ್ಮೂರ ಶಾಲೆಗೆ ಹೋಗಿ, "ಇಲ್ಲಿ ಎಲ್ಲರಿಗಿಂತ ದಡ್ಡರು ಯಾರು?" ಎಂದು ಯಾವ ಮಗುವನ್ನು ಬೇಕಾದರೂ ಕೇಳಿ. ಅದು ಒಂದು ಕ್ಷಣವೂ ಯೋಚಿಸದೆ ಹಿಂದಿನ ಗೋಡೆಯತ್ತ ಬೆರಳು ತೋರಿಸುತ್ತದೆ. ಅಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ಕಿಟಕಿಯಾಚೆಯ ಮೋಡ ನೋಡುತ್ತ ಕೂತಿರುವಾಕೆ ನಮ್ಮ ನೆಗೆಣ್ಣಿ. ವಯಸ್ಸು ಐವತ್ತೆಂಟು. ಕಲಿಯುತ್ತಿರುವುದು ಒಂದನೇ ಇಯತ್ತೆ. ಪಾಸಾಗುವ ಲಕ್ಷಣ ಇನ್ನೂ ಕಾಣುತ್ತಿಲ್ಲ!

ಬಸವನ ಬಾಗೇವಾಡಿಯ ದೊಡ್ಡ ಶಾಲೆಯಲ್ಲಿ ಓದುವ ನನ್ನ ಮೊಮ್ಮಕ್ಕಳೇ, ನೆಗೆಣ್ಣಿ ಎಂದರೆ ನಿಮ್ಮಜ್ಜನ ತಮ್ಮನ ಹೆಂಡತಿ. ನಾನು ನಿಮ್ಮ ಆಯಿ, ಆಕೆ ನಿಮ್ಮ ಸಣ್ಣಾಯಿ. ಊರ ಮಕ್ಕಳೆಲ್ಲ ಆಕೆಯನ್ನು ಹಾಗೆಯೇ ಕರೆಯುತ್ತಾರೆ. ಇನ್ನೊಂದು ಮಾತು, ಇವತ್ತು ಅಂಚಿನಲ್ಲಿ ಸೇರಿಸಿದ್ದು. ಈ ಹಾಳೆಯ ತಲೆಯ ಮೇಲೆ ಒಂದು ಸಾಲಿಗೆ ಕಾಟು ಹೊಡೆದದ್ದು ಕಾಣುತ್ತದಲ್ಲ, ಅದನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡಿ. ಅದರ ಕತೆಯನ್ನು ಕೊನೆಗೆ ಹೇಳುತ್ತೇನೆ.

ಸಣ್ಣಾಯಿ ಶಾಲೆ ಸೇರಿದ್ದೇ ಒಂದು ತಮಾಷೆ. ನಮ್ಮ ಶಾಲೆಯಲ್ಲಿ ಒಂದರಿಂದ ಮೂರನೇ ಇಯತ್ತೆಯವರೆಗೆ ಒಂದೇ ಕೋಣೆ, ಕಲಿಸಲು ಒಬ್ಬರೇ ಅಕ್ಕೋರು. ನಾಲತವಾಡ ಕಡೆಯ ಹುಡುಗಿ, ಪಾಪ, ನಲವತ್ತು ಮಕ್ಕಳ ನಡುವೆ ಆಕೆಯ ದನಿ ಮಧ್ಯಾಹ್ನದ ಹೊತ್ತಿಗೆ ಬಿದ್ದೇ ಹೋಗುತ್ತಿತ್ತು. ಒಂದು ದಿನ ಮಕ್ಕಳು ಆಟಕ್ಕೆಂದು ನಮ್ಮ ಮನೆಯಿಂದ ಶಾಲೆಗೆ ಒಯ್ದ ಮೊರವನ್ನು ತರಲು ಸಣ್ಣಾಯಿ ಹೋದಳು. ಜೋಳ ಕೇರುವುದು ಅರ್ಧಕ್ಕೆ ನಿಂತಿತ್ತು. ಹೋದವಳು, "ಒಂಚೂರ ಕುಂತು ನೋಡತೇನಿ" ಎಂದು ಹಿಂದಿನ ಸಾಲಿನಲ್ಲಿ ಕೂತಳು. ಸಂಜೆಯಾದರೂ ಏಳಲಿಲ್ಲ. ಮರುದಿನವೂ ಹೋದಳು. ಶಾಲೆಯ ಸಮಿತಿಯವರೇ ಸಹಾಯಕ್ಕೆ ಕಳಿಸಿದ್ದಾರೆಂದು ಅಕ್ಕೋರು ತಿಳಿದರು. ಅಕ್ಕೋರೇ ಕರೆಸಿಕೊಂಡಿದ್ದಾರೆಂದು ಸಮಿತಿಯವರು ತಿಳಿದರು. ಮೂರು ತಿಂಗಳು ಒಬ್ಬರನ್ನೊಬ್ಬರು ಕೇಳಲೇ ಇಲ್ಲ! ಕೇಳುವ ಹೊತ್ತಿಗೆ ಸಣ್ಣಾಯಿಯಿಲ್ಲದ ಶಾಲೆಯನ್ನು ನೆನೆಸಿಕೊಳ್ಳುವುದೇ ಅಕ್ಕೋರಿಗೆ ಆಗದಂತಾಗಿತ್ತು. ಸರಿ, ಸಹಾಯಕಿ ಎಂದು ಹೆಸರು ಹಚ್ಚಿದರು. ಆ ಮೊರ ಮಾತ್ರ ಇನ್ನೂ ಶಾಲೆಯಲ್ಲೇ ಇದೆ.

ಆದರೆ ಸಹಾಯ ಮಾಡುವವರು ಹೀಗೆ ಮಾಡುತ್ತಾರೆಯೇ? ಒಂದು ಮಗು ಪಾಟಿ ಬಳಪ ಹಿಡಿದು ಬಂದು, "ಸಣ್ಣಾಯಿ, ಏಳರ ಮುಂದ ಎಷ್ಟ?" ಎಂದು ಕೇಳುತ್ತದೆ. ಸಣ್ಣಾಯಿ ಹುಬ್ಬು ಗಂಟಿಕ್ಕುತ್ತಾಳೆ. ಸೂರು ನೋಡುತ್ತಾಳೆ. ಮೋಡವನ್ನು ಕೇಳುವವಳಂತೆ ಕಿಟಕಿಯಾಚೆ ನೋಡುತ್ತಾಳೆ. ಆಮೇಲೆ ಮೆಲ್ಲಗೆ, "ಆರು ಇರಬೇಕೇನಪಾ?" ಎನ್ನುತ್ತಾಳೆ.

"ಅಯ್ಯ ಸಣ್ಣಾಯಿ! ಆರು ಹಿಂದ ಹೋತು! ಏಳರ ಮುಂದ ಎಂಟ!"

"ಹೌದಾ? ನನಗ ಇದು ತಲ್ಯಾಗ ನಿಂದರೂದ ಇಲ್ಲ ನೋಡ. ಇನ್ನೊಮ್ಮೆ ಹೇಳಿಕೊಡು."

ಮಗು ಹಣೆ ಬಡಿದುಕೊಂಡು, ಅಲ್ಲೇ ಕೂತು, ಒಂದರಿಂದ ಶುರು ಮಾಡುತ್ತದೆ. ಇಷ್ಟೇ ಆಕೆಯ ಕೆಲಸ!

ನಿಜ ಏನೆಂದರೆ, ಆಕೆ ಸಿಂದಗಿಯಲ್ಲಿ ಎಸ್ಸೆಸ್ಸೆಲ್ಸಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವಳು. ಮದುವೆಯಾಗಿ ಬಂದಾಗ ಟ್ರಂಕಿನಲ್ಲಿ ಸೀರೆಗಿಂತ ಪುಸ್ತಕ ಹೆಚ್ಚಿದ್ದವು. ಆದರೆ ಸೊಸೆಯ ಮಾರ್ಕ್ಸ್ ಕಾರ್ಡನ್ನು ಯಾವ ಊರು ನೆನಪಿಟ್ಟುಕೊಳ್ಳುತ್ತದೆ ಹೇಳಿ? ಶಾಲೆಗೆ ಹೋಗುವಾಗ ಕನ್ನಡಕವನ್ನು ಮನೆಯ ಗೂಡಿನಲ್ಲಿಟ್ಟೇ ಹೋಗುತ್ತಿದ್ದಳು. ಓದಲು ಬಾರದವಳಿಗೆ ಕನ್ನಡಕ ಯಾಕೆ?

ನಮ್ಮ ಲಿಂಬೆ ತೋಟಕ್ಕೆ ಹೋಗುವ ದಾರಿ ಶಾಲೆಯ ಕಿಟಕಿಯ ಪಕ್ಕದಲ್ಲೇ ಹಾಯುತ್ತದೆ. ಒಳಗೆ ಹೋಗುವ ಧೈರ್ಯ ನನಗೆಂದೂ ಬಂದದ್ದಿಲ್ಲ. ಬೇವಿನ ಮರದ ನೆರಳಿನಲ್ಲಿ ನಿಂತು ನೋಡುತ್ತಿದ್ದೆ. ಬಿಸಿಯೂಟ ಮುಗಿದ ಮೇಲಿನ ಆ ಹೊತ್ತು ಎಷ್ಟು ಚೆಂದ ಗೊತ್ತೇ? ಬಿಸಿಲು ನೆಲದ ಮೇಲೆ ಬೆಕ್ಕಿನ ಹಾಗೆ ಮಲಗಿರುತ್ತದೆ. ಸೀಮೆಸುಣ್ಣದ ಪುಡಿ ಬೆಳಕಿನಲ್ಲಿ ತೇಲುತ್ತದೆ. ಮಕ್ಕಳ ತಲೆಗಳು ಜೋಳದ ತೆನೆಯ ಹಾಗೆ ಒಂದೊಂದಾಗಿ ಬಾಗುತ್ತವೆ. ಎಲ್ಲರಿಗಿಂತ ಮೊದಲು ನಿದ್ದೆ ಹೋಗುವವರು ಯಾರು? ಸಹಾಯಕಿ!

ಆಕೆಯನ್ನು ಎಬ್ಬಿಸಲು ಮಕ್ಕಳು ಒಂದು ಉಪಾಯ ಕಂಡುಕೊಂಡಿದ್ದರು. ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಸರಿಯಾಗಿ ಓದಿದರೆ ಆಕೆಯ ಗೊರಕೆ ಸಣ್ಣದಾಗುತ್ತಿತ್ತು. ಇನ್ನೂ ಸರಿಯಾಗಿ ಓದಿದರೆ ಒಂದು ಕಣ್ಣು ತೆರೆಯುತ್ತಿತ್ತು. ಎಲ್ಲಾದರೂ ತಪ್ಪಿತೋ, "ಗೊರ್‌ರ್‌ರ್!" ಎಂದು ಗೊರಕೆ ಮೊದಲಿನಿಂದ ಶುರು! ಮಕ್ಕಳು ಗಾಬರಿಯಾಗಿ, "ಏ, ತಪ್ಪ ಓದಿದಿ, ಮತ್ತ ಮಲಗಿಬಿಟ್ಲು! ಮೊದಲಿಂದ ಓದು!" ಎಂದು ಒಬ್ಬರನ್ನೊಬ್ಬರು ತಿದ್ದುತ್ತಿದ್ದರು. ಅಷ್ಟು ಅಕ್ಷರಜ್ಞಾನವಿರುವ ಗೊರಕೆಯನ್ನು ನಾನು ಇಂಡಿ ತಾಲೂಕಿನಲ್ಲಿ ಬೇರೆಲ್ಲೂ ಕೇಳಿಲ್ಲ.

ಒಂದು ವರ್ಷ ಶಾಲೆಗೆ ಒಬ್ಬ ಕುರಿಗಾರರ ಹುಡುಗಿ ಬಂದಿದ್ದಳು. ತಂದೆ ತಾಯಿ ಕುರಿ ಹೊಡೆದುಕೊಂಡು ಚಡಚಣದ ಆಚೆ ಹೋಗಿದ್ದರು, ಈಕೆಯನ್ನು ಅಜ್ಜಿಯ ಬಳಿ ಬಿಟ್ಟಿದ್ದರು. ಶಾಲೆಯಲ್ಲಿ ಆಕೆ ಬಾಯಿ ಬಿಟ್ಟವಳಲ್ಲ. ಹೆಸರು ಕೂಗಿದರೂ ಕೈ ಮಾತ್ರ ಎತ್ತುತ್ತಿದ್ದಳು. ಅಕ್ಕೋರು ಕೇಳಿ ಕೇಳಿ ಸೋತರು. ಸಣ್ಣಾಯಿ ಏನನ್ನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು, ಸೆರಗಿನ ಗಂಟಿನಿಂದ ಒಂಬತ್ತು ಲಿಂಬೆಹಣ್ಣು ತೆಗೆದು ನೆಲದ ಮೇಲಿಟ್ಟಳು.

"ಇವು ನನ್ನ ಕುರಿ," ಎಂದಳು. "ಒಟ್ಟ ಎಂಟ ಅದಾವ."

ಕುರಿಗಾರರ ಮಗು ಕುರಿಯ ಲೆಕ್ಕ ತಪ್ಪುವುದನ್ನು ಸಹಿಸೀತೇ? ತಲೆ ಅಲ್ಲಾಡಿಸಿತು. ಒಂಬತ್ತು ಬೆರಳು ತೋರಿಸಿತು. ಮರುದಿನ ಸಣ್ಣಾಯಿ ಒಂದು ಲಿಂಬೆಯನ್ನು ಕಾಲ ಕೆಳಗೆ ಮುಚ್ಚಿಟ್ಟು, "ಎಲ್ಲಾ ಬಂದುವು, ನಡೀರಿ ಮನಿಗೆ" ಎಂದಳು. ಹುಡುಗಿ ಆಕೆಯ ಸೀರೆ ಸರಿಸಿ, ತಪ್ಪಿಸಿಕೊಂಡ ಕುರಿಯನ್ನು ಹಿಡಿದು ತಂದು ಮಂದೆಗೆ ಸೇರಿಸಿದಳು. ಹೀಗೆ ದಿನಾಲೂ ಕುರಿ ಕಳೆಯಿತು, ದಿನಾಲೂ ಸಿಕ್ಕಿತು. ಲಿಂಬೆಯಾದ ಮೇಲೆ ಅಕ್ಷರ ಬಂದವು. ಹುಡುಗಿ ಸಣ್ಣಾಯಿಯ ಕೈ ಹಿಡಿದು ಪಾಟಿಯ ಮೇಲೆ ತಿದ್ದಿಸತೊಡಗಿದಳು. ಮಾತು ಮಾತ್ರ ಇಲ್ಲ.

ಅಷ್ಟರಲ್ಲಿ ಒಂದು ಭಾನುವಾರ ನಮ್ಮ ಮನೆಗೆ ಒಬ್ಬ ಗುರುಗಳು ಬಂದರು. ವಯಸ್ಸು ಏಳು. ಬಗಲಲ್ಲಿ ಪಾಟಿ. ಶಾಲೆಯ ಸಮಿತಿಯ ಅಧ್ಯಕ್ಷರ ಮೊಮ್ಮಗ!

"ಸಣ್ಣಾಯಿ ಎಲ್ಲಿ? ಆಕೀಗೆ ನಾಳಿ ಪರೀಕ್ಷಾ ಐತಿ," ಎಂದ.

ಸಣ್ಣಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಳು. "ಮನಿ ಅಭ್ಯಾಸ ಮಾಡಿಲ್ಲಾ?" ಎಂದು ಗುರುಗಳು ಗದರಿದರು. "ರೊಟ್ಟಿ ಮಾಡೂದಿತ್ರಿ ಸರ್," ಎಂದಳು ಈಕೆ. "ದಿನಾ ಇದ ಆತು ನಿಂದು!" ಎಂದರು ಗುರುಗಳು. ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಆ ನಗು ಬಹಳ ದಿನ ಉಳಿಯಲಿಲ್ಲ. ಹುಡುಗ ಮನೆಗೆ ಹೋಗಿ ಅಜ್ಜನ ಮುಂದೆ ಹೆಮ್ಮೆಯಿಂದ ಹೇಳಿದನಂತೆ: "ಸಣ್ಣಾಯಿಗೆ ಏನೂ ಬರೂದಿಲ್ಲಜ್ಜಾ. ನಾನ ಕಲಸಾಕತ್ತೇನಿ. ಅದರ ಮ್ಯಾಲ ದಿನಾ ನಿದ್ದಿ ಹೊಡಿತಾಳ." ಅಧ್ಯಕ್ಷರಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮೊಮ್ಮಗ ಕಲಸಬೇಕಾದ್ರ ಈಕಿ ಯಾಕ ಬೇಕು?" ಎಂದು ಕಟ್ಟೆಗೆ ಕೂತು ಊರಿಗೇ ಕೇಳಿಸುವ ಹಾಗೆ ಕೂಗಾಡಿದರು. ಇಂಡಿಯಿಂದ ಶಿಕ್ಷಣ ಇಲಾಖೆಯ ಸಾಹೇಬರನ್ನು ಕರೆಸಿ, ಅವರೆದುರೇ ಪರೀಕ್ಷೆ ಮಾಡಿಸಿ, ಸಣ್ಣಾಯಿಯನ್ನು ಬಿಡಿಸುವುದೆಂದು ನಿಶ್ಚಯವಾಯಿತು. ಆ ಮೊರವನ್ನು ಒಯ್ದದ್ದು ಯಾರ ಮೊಮ್ಮಗ ಎಂದು ಅಧ್ಯಕ್ಷರು ಕೇಳಲಿಲ್ಲ, ಅದೇ ದೊಡ್ಡದು!

"ಅಷ್ಟ್ಯಾಕ, ಕನ್ನಡಕ ಹಾಕ್ಕೊಂಡು ಹೋಗಿ ಎರಡ ಸಾಲ ಓದಿ ಬಾ. ಎಲ್ಲಾರ ಬಾಯಿ ಮುಚ್ಚತಾವ," ಎಂದೆ ನಾನು.

"ನೋಡೂಣ ತಗೋ ಯಕ್ಕಾ," ಎಂದಳು. ಕನ್ನಡಕವನ್ನು ಒರೆಸಿದಳು. ಒರೆಸಿ, ಗೂಡಿನಲ್ಲೇ ಇಟ್ಟು ಹೋದಳು!

ಮೊದಲ ಸಲ ನಾನು ತೋಟದ ಕೆಲಸವಿಲ್ಲದೆಯೂ ಬೇವಿನ ಮರದ ಕೆಳಗೆ ನಿಂತೆ. ಒಳಗೆ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಅಧ್ಯಕ್ಷರು ಎದೆಯುಬ್ಬಿಸಿ ನಿಂತಿದ್ದರು. ಅಕ್ಕೋರು ಹಲಗೆಯ ಮೇಲೆ, "ಕುರಿ ಮೇಯುತ್ತಿದೆ. ಮೋಡ ಸಾಗುತ್ತಿದೆ" ಎಂದು ಬರೆದಿದ್ದರು. ಸಾಹೇಬರು ಸಣ್ಣಾಯಿಗೆ, "ಇದನ್ನ ಓದ್ರಿ ನೋಡೂಣು," ಎಂದರು.

ಸಣ್ಣಾಯಿ ಹಲಗೆ ನೋಡಿದಳು. ಮಕ್ಕಳನ್ನು ನೋಡಿದಳು. ನಲವತ್ತು ಮುಖಗಳು, ತಾವು ಕಲಿಸಿದ ವಿದ್ಯಾರ್ಥಿನಿ ಎಲ್ಲಿ ಫೇಲಾಗುತ್ತಾಳೋ ಎಂದು ಉಸಿರು ಬಿಗಿ ಹಿಡಿದಿದ್ದವು. ಕುರಿಗಾರರ ಹುಡುಗಿ ತುದಿಗಾಲಲ್ಲಿ ಕೂತಿತ್ತು.

"ನನಗ ಬರೂದಿಲ್ರಿ ಸಾಹೇಬ್ರ," ಎಂದಳು ಸಣ್ಣಾಯಿ.

"ನೋಡ್ರಿ, ನಾ ಹೇಳಲಿಲ್ಲೇನು!" ಎಂದರು ಅಧ್ಯಕ್ಷರು. ಸಾಹೇಬರು ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು. ಕಿಟಕಿಯಲ್ಲಿ ಮುಖ ಹಾಕಿ, "ಸುಳ್ಳು! ಆಕೀಗೆ ಎಲ್ಲಾ ಬರತೈತಿ!" ಎಂದು ಕೂಗಬೇಕೆನಿಸಿತು. ಕೂಗಿದೆನೇ? ನಿಮ್ಮ ಆಯಿಯನ್ನು ನೀವು ಬಲ್ಲಿರಿ. ಬೇವಿನ ಮರವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಆಗ ಹುಡುಗಿ ಎದ್ದಿತು. ಯಾರನ್ನೂ ಕೇಳದೆ ಹಲಗೆಯ ಬಳಿ ಹೋಗಿ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಿತು.

"ಕು! ರಿ!"

ಅಯ್ಯಯ್ಯೋ, ಏನು ದನಿ! ಅಡವಿಯಲ್ಲಿ ಕುರಿಗಳನ್ನು ಕೂಗಿ ಕರೆದು ಬೆಳೆದ ಗಂಟಲು. ತಗಡಿನ ಸೂರು ಝಣ್ ಎಂದಿತು. ಸಾಹೇಬರ ಪೆನ್ನಿನ ಮುಚ್ಚಳ ಕೈಜಾರಿ ಬಿತ್ತು.

"ಸಣ್ಣಾಯಿ, ಅನ್ನು! ಕುರಿ!"

"ಕುರಿ," ಎಂದಳು ಸಣ್ಣಾಯಿ.

"ಮೇಯುತ್ತಿದೆ! ಅಂಜಬ್ಯಾಡ, ಅನ್ನು! ಮೋಡ!"

ಸಣ್ಣಾಯಿ ಒಂದೊಂದು ಅಕ್ಷರವನ್ನೂ ಹಿಂದೆ ಹಿಂದೆ ಹೇಳಿದಳು. ಎರಡನೇ ಸಾಲಿಗೆ ನಲವತ್ತು ಮಕ್ಕಳೂ ಎದ್ದು ಆಕೆಗೆ ಹೇಳಿಕೊಡುತ್ತಿದ್ದರು, ಅಧ್ಯಕ್ಷರ ಮೊಮ್ಮಗ ಎಲ್ಲರಿಗಿಂತ ಜೋರಾಗಿ.

ಗದ್ದಲ ನಿಂತ ಮೇಲೆ ಸಾಹೇಬರು ಅಕ್ಕೋರನ್ನು ಕೇಳಿದರು: "ಈ ಹುಡುಗಿ ಯಾವಾಗಿಂದ ಓದತಾಳ?"

ಅಕ್ಕೋರು ಕಣ್ಣೊರೆಸಿಕೊಂಡರು. "ಈಗಿಂದ್ರಿ ಸರ್. ಮಾತಾಡಿದ್ದೂ ಈಗಿಂದನ."

ಸಾಹೇಬರು ಬಗ್ಗಿ ಪೆನ್ನಿನ ಮುಚ್ಚಳ ಹುಡುಕಿ ಹಾಕಿಕೊಂಡರು. ಸಣ್ಣಾಯಿಯನ್ನೂ ಹುಡುಗಿಯನ್ನೂ ನೋಡಿದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ ಗಂಭೀರವಾಗಿ ಹೇಳಿದರು: "ನೀವು ಹೇಳಿದ್ದು ಖರೇ ಐತ್ರಿ. ಈಕೀಗೆ ಇನ್ನೂ ಕಲಿಯೂದು ಭಾಳ ಐತಿ. ಸಾಲಿ ಬಿಡಸಬ್ಯಾಡ್ರಿ."

ಮನೆಗೆ ಬರುವ ದಾರಿಯಲ್ಲಿ ನಾನು ಸಿಟ್ಟು ಮಾಡಿದೆ. "ಓದಿದ್ರ ಏನ್ ಆಗ್ತಿತ್ತ ನಿನಗ? ಅವರು ಬಿಡಿಸಿದ್ದರ?"

"ನಾ ಓದಿದ್ರ ಆಕಿ ಯಾಕ ಏಳತಿದ್ಲ ಯಕ್ಕಾ?" ಎಂದಳು. ಅಷ್ಟು ಹೇಳಿ ಮೋಡ ನೋಡುತ್ತ ನಡೆದಳು.

ಇನ್ನು ಕಾಟು ಹೊಡೆದ ಸಾಲಿನ ಕತೆ. ನಿಮ್ಮಜ್ಜ ತೀರಿಹೋದ ಮೇಲೆ ನಾನು ಕಂಬಕ್ಕೆ ಒರಗಿ ಸುಮ್ಮನೆ ಕೂತುಬಿಟ್ಟಿದ್ದೆ. ಯಾರೊಡನೆಯೂ ಮಾತಿಲ್ಲ. ಒಂದು ಸಂಜೆ ಸಣ್ಣಾಯಿ ಒಂದು ನೋಟುಬುಕ್ಕು ತಂದು ತೊಡೆಯ ಮೇಲಿಟ್ಟಳು. "ಯಕ್ಕಾ, ನನ್ನ ಕೈ ಭಾಳ ನೋಯಾಕತ್ತೈತಿ. ಮಕ್ಕಳು ಇವತ್ತ ಏನ್ ಅಂದ್ರು ಅಂತ ಹೇಳತೇನಿ, ಎರಡ ಸಾಲ ಬರದ ಕೊಡು." ಊರ ಶಾಲೆಯನ್ನು ನಾಲ್ಕನೇ ಇಯತ್ತೆಗೆ ಬಿಟ್ಟ ಕೈ ನನ್ನದು. ಪಾಪ, ಕೈ ನೋವು ಅಂತಾಳಲ್ಲ ಎಂದು ಬರೆದೆ. ಮರುದಿನ ನಾಲ್ಕು ಸಾಲು. ಆಮೇಲೆ ಅರ್ಧ ಪುಟ. ಅದೇ ನೋಯುವ ಕೈಯಿಂದ ಆಕೆ ಒಂದು ಹೊತ್ತಿಗೆ ಮೂವತ್ತು ರೊಟ್ಟಿ ಬಡಿಯುತ್ತಿದ್ದಳು. ನನ್ನ ತಲೆಗೆ ಹೊಳೆಯಲಿಲ್ಲ ನೋಡಿ!

ನಿನ್ನೆ ಸಂಜೆ, ನಿಮಗಾಗಿ ಬರೆದ ಈ ಹಾಳೆಗಳನ್ನು ಆಕೆಗೆ ಓದಿ ಹೇಳಲು ಕೂತೆ. ಆಕೆ ಎದುರಿನ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಮೊದಲ ಸಾಲು ಹೀಗಿತ್ತು: "ನಾನು ಬರೆಯುವವಳಲ್ಲ, ನನಗೆ ಏನೂ ಬರುವುದಿಲ್ಲ."

"ಗೊರ್‌ರ್‌ರ್!"

ಮತ್ತೆ ಓದಿದೆ. ಗೊರಕೆ ಇನ್ನೂ ಜೋರಾಯಿತು. ಒಂದೊಂದೇ ಅಕ್ಷರವನ್ನು ಬೆರಳಿಟ್ಟು ನೋಡಿದೆ. ದೀರ್ಘ ಸರಿಯಾಗಿತ್ತು, ಒತ್ತು ಸರಿಯಾಗಿತ್ತು. ಅಕ್ಷರ ಒಂದೂ ತಪ್ಪಿರಲಿಲ್ಲ. ಈ ಸಲ ಅಕ್ಷರ ಬಿಟ್ಟು, ಸಾಲು ಏನು ಹೇಳುತ್ತದೆಂದು ಓದಿದೆ. ಅಂಗಳದ ಬಿಸಿಲು ಮೆಲ್ಲಗೆ ಗೋಡೆ ಹತ್ತಿತು. ಆಮೇಲೆ ಪೆನ್ನು ತೆಗೆದು, ಆ ಸಾಲಿಗೆ ಈ ತುದಿಯಿಂದ ಆ ತುದಿಯವರೆಗೆ ಕಾಟು ಹೊಡೆದೆ.

ಗೊರಕೆ ನಿಂತಿತು. ಒಂದು ಕಣ್ಣು ತೆರೆಯಿತು.

"ಮುಂದ ಓದು ಯಕ್ಕಾ," ಎಂದಳು.